ಗೋಡೆ ಕಡೆಗಿರುವ ಹೆಸರು

ಮೇಡಂಗೆ ಯಾವಾಗಲೂ ಎರಡು ಕನ್ನಡಕ. ಒಂದು ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಎರಡನ್ನೂ ಇಟ್ಟುಕೊಂಡೇ ಚೀಲದಲ್ಲಿ ಮೂರನೆಯದನ್ನು ಹುಡುಕುತ್ತಿದ್ದರು. ಕೊರಳಲ್ಲಿ ಸರದ ಬದಲು ಅಳತೆ ಟೇಪು. ಶಿವಾರಪಟ್ಟಣದ ನಮ್ಮ ಕೆತ್ತನೆ ಶೆಡ್ಡಿಗೆ ಅವರು ಮೊದಲ ಸಲ ಬಂದಾಗ ನಮ್ಮಪ್ಪ, "ಯಾರೋ ಟೈಲರಮ್ಮ ದಾರಿ ತಪ್ಪಿ ಬಂದವ್ರೆ ನೋಡೇ" ಎಂದು ನನ್ನ ಕಿವಿಯಲ್ಲಿ ಹೇಳಿದ್ದ.

ಅವರು ಆರ್ಟ್ ಕನ್ಸಲ್ಟೆಂಟ್. ಹೊಸ ಕಂಪನಿ, ಹೋಟೆಲು, ಆಸ್ಪತ್ರೆಗಳಲ್ಲಿ ಯಾವ ಗೋಡೆಗೆ ಯಾವ ಚಿತ್ರ, ಯಾವ ಮೂಲೆಗೆ ಯಾವ ಶಿಲ್ಪ ಎಂದು ಹೇಳಿ, ಮಾಡುವವರನ್ನು ಹುಡುಕಿ ಮಾಡಿಸಿಕೊಡುವುದು ಅವರ ಕೆಲಸ.

"ಗೋಡೆ ನೋಡೋದೂ ಒಂದು ಕೆಲ್ಸಾನಾ ಮೇಡಮ್ಮಾ?" ಎಂದು ಅಪ್ಪ ಕೆಣಕಿದ.

"ಕಲ್ಲು ಕುಟ್ಟೋದು ಕೆಲ್ಸ ಆದ್ರೆ ಇದೂ ಕೆಲ್ಸಾನೇ ಆಚಾರ್ರೇ!"

ನನಗೆ ಅವರು ಹಿಡಿಸಿದ್ದೇ ಅವತ್ತು.

ನರಸಾಪುರದ ಒಂದು ಕಾರ್ಖಾನೆಯ ಹಜಾರಕ್ಕೆ ಶಿಲ್ಪ ಬೇಕಿತ್ತು. ಸಾಹೇಬರ ಆಸೆ ಗಣೇಶ. ಮೇಡಂ ಅಲ್ಲಿ ಅರ್ಧ ದಿನ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಕಸ ಗುಡಿಸುವ ಅಕ್ಕನನ್ನು ಗಣೇಶ ಇಡಿಸಲಾ ಎಂದು ಕೇಳಿದರಂತೆ. "ದೇವ್ರನ್ನಿಟ್ರೆ ದಿನಾ ಚಪ್ಲಿ ಬಿಟ್ಟು ಗುಡಿಸ್ಬೇಕಮ್ಮಾ, ಬೇರೆ ಏನಾದ್ರೂ ಇಡ್ಸಿ" ಎಂದಳಂತೆ ಆಕೆ.

"ಸಾಹೇಬ್ರು ವಾರಕ್ಕೊಂದ್ಸಲ ನೋಡ್ತಾರೆ, ಇವ್ಳು ದಿನಾ ನೋಡ್ತಾಳೆ. ಯಾರ ಮಾತು ಕೇಳ್ಲಿ ಹೇಳಿ?" ಎನ್ನುತ್ತಾ ಬಂದು, ಸಾಹೇಬರನ್ನೂ ಒಪ್ಪಿಸಿ, ಕರುವನ್ನು ನೆಕ್ಕುತ್ತಿರುವ ಹಸುವನ್ನು ಕೆತ್ತಲು ಹೇಳಿದರು. ಅಪ್ಪನಿಗೆ ನಿದ್ದೆಯಲ್ಲೂ ಹಸುವೇ.

ಕೆಲಸ ಮುಗಿಯುತ್ತಾ ಬಂದಾಗ ಫೋನ್ ಮಾಡಿ, "ಪೀಠದ ಮೇಲೆ ಹೆಸರು ಕೆತ್ತೋದು ಮರೀಬೇಡಿ" ಎಂದರು. ಎಡವಟ್ಟಾಗಿದ್ದು ಅಲ್ಲೇ. ನಮ್ಮ ಕಸುಬಿನಲ್ಲಿ ಕಲ್ಲಿನ ಮೇಲೆ ಹೆಸರೆಂದರೆ ಮಾಡಿಸಿದವರದು. ಕೆತ್ತಿದವನ ಹೆಸರು ಎಲ್ಲೂ ಇರುವುದಿಲ್ಲ. ಅಪ್ಪ 'ಸೇವಾರ್ಥ' ಎಂದು ಹಾಕಿ, ಅದರ ಕೆಳಗೆ ಮೇಡಂ ಹೆಸರನ್ನು ಗುಂಡಗೆ ಕೆತ್ತಿದ. ಅಕ್ಷರ ಬರೆದುಕೊಟ್ಟ ಜಾಣೆ ನಾನೇ.

ಕಾರ್ಖಾನೆಯಲ್ಲಿ ಪೀಠಕ್ಕೆ ಸುತ್ತಿದ್ದ ಗೋಣಿತಾಟು ಬಿಚ್ಚಿದಾಗ ಮೇಡಂ ಎರಡು ಕನ್ನಡಕವನ್ನೂ ಬದಲಾಯಿಸಿ ಓದಿದರು.

"ಅಯ್ಯೋ ಆಚಾರ್ರೇ, ನನ್ನ ಹೆಸರು ಯಾಕೆ?"

"ಮಾಡ್ಸಿದ್ದು ನೀವೇ ಅಲ್ವಾ ಮೇಡಮ್ಮಾ?"

ಇನ್ನೆರಡು ಗಂಟೆಯಲ್ಲಿ ದೊಡ್ಡವರೆಲ್ಲ ಬರುವವರಿದ್ದರು. ಕಂಪನಿ ಕೊಟ್ಟ ಕೆಲಸಕ್ಕೆ ತನ್ನ ಹೆಸರು ಹಾಕಿಸಿಕೊಂಡಳು ಎಂದರೆ ಆ ಕ್ಷೇತ್ರದಲ್ಲಿ ಅವರನ್ನು ಮತ್ತೆ ಯಾರು ಕರೆಯುತ್ತಾರೆ? ನನಗೆ ಅಳುವೇ ಬಂತು. ಪುಣ್ಯಕ್ಕೆ ಹಸುವನ್ನು ಇನ್ನೂ ಪೀಠದ ಮೇಲೆ ಏರಿಸಿರಲಿಲ್ಲ. ಮೇಡಂ ಬಿದ್ದೂ ಬಿದ್ದೂ ನಕ್ಕರು. "ಪೀಠ ತಿರುಗ್ಸಿ. ನಾನು ಗೋಡೆ ನೋಡ್ಕೊಂಡಿರ್ತೀನಿ, ಹೆಂಗೂ ನನ್ನ ಕೆಲ್ಸಾನೇ ಅದು" ಎಂದು ಉಳಿಯನ್ನು ಅಪ್ಪನ ಕೈಗಿಟ್ಟರು. "ಈ ಕಡೆ ನಿಮ್ಮ ಹೆಸ್ರು."

"ನನ್ನದಾ? ನಮ್ಮ ವಂಶದಲ್ಲೇ ಯಾರೂ ಹಾಕಿಲ್ಲ ಮೇಡಮ್ಮಾ."

"ಇದನ್ನ ಮಾಡಿದ್ದು ಯಾರು ಅಂತ ಜನಕ್ಕೆ ಗೊತ್ತಾಗ್ಬೇಕು. ಇಲ್ದಿದ್ರೆ ನಾನು ಈ ಕೆಲ್ಸ ಮಾಡಿ ಏನು ಬಂತು?"

ದೇವರ ಮೂಗನ್ನು ಒಂದೇ ಏಟಿಗೆ ತಿದ್ದುವ ಅಪ್ಪ, ತನ್ನ ಹೆಸರನ್ನು ನನ್ನಿಂದ ಮೂರು ಸಲ ಬರೆಸಿ ಅಳಿಸಿ, ಆಮೇಲೆ ಉಳಿ ಇಟ್ಟ. ಶಿಫ್ಟು ಮುಗಿಸಿ ಹೊರಟಿದ್ದ ಹುಡುಗಿಯರು ಸುತ್ತ ನಿಂತು ನೋಡಿದರು. ಕೊನೆಯ ಅಕ್ಷರ ಸ್ವಲ್ಪ ಸೊಟ್ಟಗಾಯಿತು. ದೊಡ್ಡವರು ಬಂದು ಹೊಗಳಿ ಹೋದರು. ಅಲ್ಲಿಂದ ಮುಂದೆ ಅಪ್ಪನ ಹೆಸರು ಕೇಳಿಕೊಂಡೇ ಜನ ನಮ್ಮ ಶೆಡ್ಡಿಗೆ ಬಂದರು.

ಹೋದ ವರ್ಷ ಮೇಡಂ ತೀರಿಕೊಂಡರು. ಈಚೆಗೆ ಆ ಹಜಾರಕ್ಕೆ ಹೊಸ ನೆಲ ಹಾಕುವಾಗ ಶಿಲ್ಪ ಸರಿಸಲು ನಮ್ಮನ್ನು ಕರೆದರು. ಹೊಸ ಮ್ಯಾನೇಜರ್ ಪೀಠದ ಹಿಂಬದಿಯಲ್ಲಿದ್ದ ಮೇಡಂ ಹೆಸರು ನೋಡಿ, "ಇದ್ಯಾರು? ಉಜ್ಜಿ ತೆಗೆದುಬಿಡಿ" ಎಂದರು.

ಎಂದೂ ಯಾರಿಗೂ ಎದುರಾಡದ ಅಪ್ಪ ಉಳಿಯನ್ನು ಕೆಳಗಿಟ್ಟ. "ಹಂಗಾದ್ರೆ ಮುಂದಿರೋ ನನ್ನ ಹೆಸ್ರನ್ನೂ ತೆಗೆಸ್ಬಿಡಿ ಸಾರ್. ಆ ಯಮ್ಮ ಇಲ್ದಿದ್ರೆ ಇದೂ ಇರ್ತಿರ್ಲಿಲ್ಲ."

ಮ್ಯಾನೇಜರ್ ಇಬ್ಬರ ಹೆಸರನ್ನೂ ಒಮ್ಮೆ ಓದಿ, ಇರಲಿ ಬಿಡಿ ಎಂದರು. ನಾವು ಪೀಠವನ್ನು ಗೋಡೆಯಿಂದ ಎರಡಡಿ ಈಚೆಗೆ ಇಟ್ಟು ಬಂದೆವು, ಹಿಂದೆ ಹೋಗಿ ಓದುವವರಿಗೂ ಜಾಗ ಇರಲಿ ಅಂತ.