ಪೆರ್ಪೆತುವಾ ಹಾಕಿದ ರುಜು

ಪೆರ್ಪೆತುವಾಳ ಹೊಟ್ಟೆಕಿಚ್ಚು ಗಿಮರಾಸ್ ದ್ವೀಪದ ನಮ್ಮೂರಿಗೆಲ್ಲ ಗೊತ್ತಿತ್ತು. ಅವಳು ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಒಮ್ಮೆ ಅವಳು ಕಪಿತಾನ್ ಸ್ಥಾನಕ್ಕೆ, ಅಂದರೆ ಊರಿನ ಮುಖ್ಯಸ್ಥೆಯಾಗಲು, ಚುನಾವಣೆಗೆ ನಿಂತಿದ್ದಳು. ಮತದಾನದ ಹಿಂದಿನ ದಿನ ಎದುರಾಳಿ ದೆಲ್ಫಿನಾಳ ಕಡೆಯವರು ‘ಪೆರ್ಪೆತುವಾಳ ನಾಮಪತ್ರ ರದ್ದಾಗಿದೆ, ಅವಳಿಗೆ ಹಾಕಿದ ಮತ ಎಣಿಸುವುದಿಲ್ಲ’ ಎಂದು ಫೋನಿನಿಂದ ಫೋನಿಗೆ ಹಬ್ಬಿಸಿದರು. ಹತ್ತೊಂಬತ್ತು ಮತಗಳಿಂದ ದೆಲ್ಫಿನಾ ಗೆದ್ದಳು. ಆ ಸುಳ್ಳಿಗಾಗಿ ಪೆರ್ಪೆತುವಾ ಅವಳ ಮೇಲೆ ಕೇಸು ಹಾಕಿದಳು. ಮುಂದಿನ ಚುನಾವಣೆ ಬಂದರೂ ತೀರ್ಪು ಬರಲಿಲ್ಲ. ಆ ಸಲ ಪೆರ್ಪೆತುವಾ ಬರೀ ಪಂಚಾಯಿತಿ ಸದಸ್ಯೆಯಾದಳು. ದೆಲ್ಫಿನಾ ಮತ್ತೆ ಕಪಿತಾನ್. ದೆಲ್ಫಿನಾ ಯಾವ ಕಾಗದಕ್ಕೆ ರುಜು ಹಾಕಿದರೂ, ಅಲ್ಲಿ ತನ್ನ ಹೆಸರಿರಬೇಕಿತ್ತು ಎಂದು ಇವಳು ಕುದಿಯುತ್ತಿದ್ದಳು.

ಒಂದು ಶನಿವಾರ ಬೆಳಿಗ್ಗೆ ಮರಿಬಿಕ್ ಎಂಬ ಹುಡುಗಿ ಊದಿದ ಕೆನ್ನೆಯೊಂದಿಗೆ ಪಂಚಾಯಿತಿ ಕಚೇರಿಗೆ ಬಂದಳು. ಅಲ್ಲಿ ಪೆರ್ಪೆತುವಾ ಮತ್ತು ಗುಮಾಸ್ತ ಇಬ್ಬರೇ ಇದ್ದರು.

“ಪೆರ್ಪೆತುವಾಕ್ಕ, ಅಮ್ಮನ ಮನೇಲಿದೀನಿ. ನನ್ನ ಗಂಡ ರುಪೆರ್ತೊ ಅಲ್ಲಿಗೂ ಬರ್ತಾನೆ.”

ಇಂಥದರಲ್ಲಿ ನಮ್ಮ ಕಾನೂನು ತಡ ಮಾಡುವುದಿಲ್ಲ. ಗಂಡ ಹದಿನೈದು ದಿನ ಹೆಂಡತಿಯ ಹತ್ತಿರ ಸುಳಿಯದಂತೆ ಅದೇ ದಿನ ಆದೇಶ ಕೊಡಬೇಕು. ರುಜು ಕಪಿತಾನ್‌ದು. ಕಪಿತಾನ್ ಸಿಗದಿದ್ದರೆ, ಸಿಗಲಿಲ್ಲವೆಂದು ಬರೆದುಕೊಟ್ಟು ಸದಸ್ಯರೊಬ್ಬರು ಹಾಕಬಹುದು.

ದೆಲ್ಫಿನಾ ಎದುರಿನ ಬ್ಯಾಸ್ಕೆಟ್‌ಬಾಲ್ ಮೈದಾನದಲ್ಲಿ ಪಂದ್ಯ ಉದ್ಘಾಟಿಸುತ್ತಿದ್ದಳು. ಮೈಕಿನ ಸದ್ದು ಕಚೇರಿಯೊಳಗೇ ಕೇಳುತ್ತಿತ್ತು.

“ಕರೀಲಾ?” ಎಂದ ಗುಮಾಸ್ತ.

“ಬೇಡ. ಮೈಕ್ ಸಿಕ್ಕಿದ್ಮೇಲೆ ಅವಳು ಯಾರಿಗೆ ಸಿಗ್ತಾಳೆ?”

‘ಕಪಿತಾನ್ ಸಿಗಲಿಲ್ಲ’ ಎಂದು ಬರೆದು ಪೆರ್ಪೆತುವಾ ತನ್ನ ರುಜು ಹಾಕಿದಳು, ಬೇಕಾದ್ದಕ್ಕಿಂತ ದೊಡ್ಡದಾಗಿ.

ಮಧ್ಯಾಹ್ನ ರುಪೆರ್ತೊ ಆ ಕಾಗದ ಹಿಡಿದು ಕಚೇರಿಗೆ ಬಂದ. “ಕಪಿತಾನ್ ಸಿಗ್ಲಿಲ್ವಂತೆ. ಅದೇ ಹೊತ್ತಲ್ಲಿ ಮೈದಾನದಲ್ಲಿ ಆಟದ ಚೆಂಡು ನನ್ನ ಕೈಗೆ ಕೊಟ್ಟೋರು ಯಾರು, ಅವರ ದೆವ್ವಾನಾ? ಈ ಸುಳ್ಳು ಕಾಗದ ನಡೆಯಲ್ಲ. ಈಗ ಹೋಗಿ ನನ್ನ ಹೆಂಡ್ತೀನ ಕರ್ಕೊಂಡು ಬರ್ತೀನಿ.”

ಪೆರ್ಪೆತುವಾ ನೇರ ಮೈದಾನಕ್ಕೆ, ದೆಲ್ಫಿನಾಳ ಬಳಿಗೆ ನಡೆದಳು.

“ನೀನು ಸಿಗ್ಲಿಲ್ಲ ಅಂತ ಬರೆದೆ. ಸುಳ್ಳು ಅದು. ಮರಿಬಿಕ್‌ಗೆ ಈಗ್ಲೇ ಹೊಸ ಆದೇಶ ಕೊಡು.”

“ಸುಳ್ಳು ಹೇಳಿದೆ ಅಂತ ನನ್ನನ್ನ ಕೋರ್ಟಿಗೆ ಎಳೆದೋಳು ನೀನೇ ಅಲ್ವೇನೇ?” ಎಂದಳು ದೆಲ್ಫಿನಾ. ಸುತ್ತಲಿನವರು ನಕ್ಕರು.

“ನಾನೇ. ಆಮೇಲೆ ನಗು, ಮೊದಲು ರುಜು ಹಾಕು.”

“ಹಾಕ್ತೀನಿ. ಈಗ ಹೇಳಿದ್ದನ್ನ ನೀನೂ ಬರೆದುಕೊಡು.”

ಆ ಬರಹ ಎಲ್ಲಿಗೆ ಹೋಗುತ್ತದೆಂದು ಪೆರ್ಪೆತುವಾಳಿಗೆ ಗೊತ್ತಿತ್ತು. ಅಂಕ ಬರೆಯುವ ಮೇಜಿನ ಮೇಲೆ ಇಬ್ಬರೂ ಬರೆದರು. ಊರಿನ ಕಾವಲಿನವರು ಹೊಸ ಆದೇಶ ಹಿಡಿದು ಓಡಿ, ಮರಿಬಿಕ್‌ಳ ಅಮ್ಮನ ಮನೆಯ ಗೇಟು ಅಲ್ಲಾಡಿಸುತ್ತಿದ್ದ ರುಪೆರ್ತೊನನ್ನು ಅಲ್ಲಿಂದ ಅಟ್ಟಿದರು.

ಚುನಾವಣೆ ಕೇಸಿನ ಮುಂದಿನ ವಿಚಾರಣೆಯಲ್ಲಿ ದೆಲ್ಫಿನಾಳ ವಕೀಲ ಪೆರ್ಪೆತುವಾಳ ತಪ್ಪೊಪ್ಪಿಗೆಯನ್ನು ಓದಿ, ‘ತಾನೇ ಸುಳ್ಳು ಬರೆಯುವವಳ ದೂರನ್ನು ನಂಬುವುದು ಹೇಗೆ’ ಎಂದ. ಕೆಲವೇ ವಾರಗಳಲ್ಲಿ ಕೇಸು ವಜಾ ಆಯಿತು.

ಇಬ್ಬರಿಗೂ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಬರೆದುಕೊಟ್ಟದ್ದಕ್ಕೆ ಪಶ್ಚಾತ್ತಾಪ ಇದೆಯಾ ಎಂದು ಪೆರ್ಪೆತುವಾಳನ್ನು ಕೇಳಿದೆ.

“ಅದಕ್ಕಿಲ್ಲ, ಟೀಚರ್,” ಎಂದಳು. “ಆದ್ರೆ ಮರಿಬಿಕ್ ಈಗ ಹಾದೀಲಿ ಸಿಕ್ಕಿದಾಗೆಲ್ಲ ದೆಲ್ಫಿನಾಳ ಕೈ ಹಿಡಿದು ಮಾತಾಡಿಸ್ತಾಳೆ. ಅದನ್ನ ಮಾತ್ರ ನನ್ನಿಂದ ನೋಡಕ್ಕಾಗಲ್ಲ.”