ಮತ ಬದಲಿಸುತ್ತಿದ್ದ ಟೋಪಿ

ಜೂನ್ ತಿಂಗಳ ಮೊದಲ ಶನಿವಾರ ಉಣ್ಣೆ ಬಟ್ಟೆಗಳನ್ನು ಕಪಾಟಿನಿಂದ ತೆಗೆದು ಗಾಳಿಗೆ ಹಾಕುವುದು ನನ್ನ ಪದ್ಧತಿ. ನೈರೋಬಿಯ ಚಳಿ ಅಷ್ಟರಲ್ಲಿ ಶುರುವಾಗಿರುತ್ತದೆ. ಈ ಸಲ ಬಾಲ್ಕನಿಯಲ್ಲಿ ಹಳೆಯ ಸ್ವೆಟರ್ ಕೊಡವಿದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಆ ಟೋಪಿಯೂ ಬಿತ್ತು. ಅಲ್ಲಿದೆಯೆಂದು ಗೊತ್ತಿತ್ತು. ಪ್ರತಿವರ್ಷ ನೋಡದವಳಂತೆ ಮಡಚಿಡುತ್ತಿದ್ದೆ...

ಅದು ಪಕ್ಕದ ತರಗತಿಯ ಟೀಚರದು. ಇಲ್ಲಿನ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಒಂದು ಶಾಲೆಯಲ್ಲಿ ನಾವಿಬ್ಬರೂ ಚರಿತ್ರೆ ಕಲಿಸುತ್ತಿದ್ದೆವು, ಒಂದೇ ಗೋಡೆಯ ಆಚೆ ಈಚೆ. ಅವರು ಮಂಗಳೂರು ಕಡೆಯ ಕ್ಯಾಥೊಲಿಕರು. ನಾನು ಮೈಸೂರಿನವಳು. ಯುರೋಪಿನ ಮತಯುದ್ಧಗಳ ಪಾಠಕ್ಕೆ ನಾನು ಹಲಗೆಯ ಎಡಕ್ಕೆ ಕಾರಣ, ಬಲಕ್ಕೆ ಪರಿಣಾಮ, ನಡುವೆ ಇಸವಿಗಳನ್ನು ಬರೆಯುತ್ತಿದ್ದೆ. ಮೂವತ್ತು ವರ್ಷಗಳ ಯುದ್ಧ ನಲವತ್ತು ನಿಮಿಷಕ್ಕೆ ಮುಗಿಯುತ್ತಿತ್ತು.

ಅದೇ ಪಾಠಕ್ಕೆ ಅವರು ಈ ಟೋಪಿ ಹಾಕಿಕೊಳ್ಳುತ್ತಿದ್ದರು. ತಾವೇ ಹೆಣೆದದ್ದು, ಒಂದು ಮಗ್ಗುಲು ಕೆಂಪು, ತಿರುವಿದರೆ ನೀಲಿ. ಟೀಚರ್ ರಾಜ, ಮಕ್ಕಳು ಪ್ರಜೆಗಳು. ಕೆಂಪಾದರೆ ಕ್ಯಾಥೊಲಿಕ್ ನಾಡು, ನೀಲಿಯಾದರೆ ಪ್ರಾಟೆಸ್ಟಂಟ್. ರಾಜನ ಮತ ಬದಲಾದ ಕೂಡಲೇ ಪ್ರಜೆಗಳು ಚೀಲ ಎತ್ತಿಕೊಂಡು ಎದುರು ಸಾಲಿಗೆ ಹೋಗಬೇಕು. ಒಲ್ಲೆನೆಂದವರು ನಾಡು ಬಿಟ್ಟು ಕಾರಿಡಾರಿಗೆ. ಚರ್ಚಿನಲ್ಲಿ ಭಾನುವಾರದ ಬಲಿಪೂಜೆ ಎಂದೂ ತಪ್ಪಿಸದ ಆ ಹೆಂಗಸು ಪಾಠ ಶುರುಮಾಡುತ್ತಿದ್ದುದು ಮಾತ್ರ ನೀಲಿಯಿಂದ. ಯಾಕೆಂದು ಕೇಳಿದ್ದೆ.

“ನಮ್ಮವರದ್ದೇ ಮೊದಲು ಹೇಳಿದ್ರೆ ಮಕ್ಕಳು ನನ್ನ ಮುಖ ನೋಡಿ ಉತ್ತರ ಕೊಡ್ತಾರೆ, ಟೀಚರ್.”

ನನ್ನ ಮಗಳು ಅವರ ತರಗತಿಯಲ್ಲಿದ್ದಳು. ಒಂದು ದಿನ ಬೆಂಚು ಎಳೆದಾಡುವ ಸದ್ದು ತಡೆಯಲಾಗದೆ ಹೊರಗೆ ಬಂದೆ. ಚಳಿಯಲ್ಲಿ ಐದಾರು ಮಕ್ಕಳು ಚೀಲ ತಬ್ಬಿಕೊಂಡು ನಿಂತಿದ್ದರು. ಅವರ ನಡುವೆ ಇವಳು.

“ಏನೇ ಇದು?”

“ನಾನು ಚೇಂಜ್ ಆಗಲ್ಲ ಅಂದೆ. ಐ ಆಮ್ ಎ ರೆಫ್ಯೂಜಿ, ಅಮ್ಮ. ನೀನು ಹೋಗು, ನಿನ್ನ ಡೇಟ್ಸ್ ಕಾಯ್ತಾ ಇವೆ.”

ಉಳಿದವರು ಕಿಸಕ್ಕನೆ ನಕ್ಕರು. ಸಂಜೆ ಊಟದ ಮೇಜಿನಲ್ಲಿ ಅವಳದ್ದು ಅದೇ ಮಾತು. ಮನೆ ಬಿಟ್ಟು ಹೋಗುವವರು ಏನೇನು ಹೊತ್ತುಕೊಂಡಿರಬಹುದು, ಅಜ್ಜಿಯರನ್ನು ಏನು ಮಾಡಿರಬಹುದು... ನನ್ನ ಯಜಮಾನರು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ನನ್ನ ಪಾಠದ ಬಗ್ಗೆ ಯಾರೂ ಹಾಗೆ ಮಾತಾಡಿದ್ದಿಲ್ಲ.

ಮರುದಿನ ಮುಖ್ಯೋಪಾಧ್ಯಾಯಿನಿಗೆ ಪತ್ರ ಬರೆದೆ: ಗಲಾಟೆಯಿಂದ ಪಾಠಕ್ಕೆ ಅಡ್ಡಿಯಾಗುತ್ತಿದೆ. ಸುಳ್ಳೇನಲ್ಲ. ಆದರೆ ಬರೆದದ್ದು ಅದಕ್ಕಲ್ಲ. ವಾರದೊಳಗೆ ಆಟ ನಿಂತಿತು. ಟೀಚರ್ ಸ್ಟಾಫ್ ರೂಮಿಗೆ ಬಂದು ಟೋಪಿಯನ್ನು ನನ್ನ ಪುಸ್ತಕಗಳ ಮೇಲಿಟ್ಟರು.

“ನೀವೇ ಇಟ್ಕೊಳ್ಳಿ. ನಿಮ್ಮ ಕ್ಲಾಸಲ್ಲಾದ್ರೆ ಶಬ್ದ ಆಗ್ಲಿಕ್ಕಿಲ್ಲ.”

ಚುಚ್ಚಿದರೋ, ಮನಸಾರೆ ಕೊಟ್ಟರೋ... ಇಂದಿಗೂ ತಿಳಿದಿಲ್ಲ. ಹಾಕಿಕೊಳ್ಳುವ ಧೈರ್ಯವಂತೂ ನನಗೆ ಬರಲಿಲ್ಲ.

ನಿವೃತ್ತರಾಗಿ ಮಂಗಳೂರಿಗೆ ಹೋದ ಅವರು ಹೋದ ವರ್ಷ ತೀರಿಕೊಂಡರು. ಈಗ ಕಿಸುಮು ಪಟ್ಟಣದಲ್ಲಿರುವ ಮಗಳು ಪ್ರತಿ ಶನಿವಾರ ಹತ್ತು ಗಂಟೆಗೆ ಫೋನ್ ಮಾಡುತ್ತಾಳೆ. ಈ ಸಲ ಫೋನ್ ಬಂದಾಗ ಟೋಪಿ ಕೈಯಲ್ಲೇ ಇತ್ತು. ಪತ್ರದ ವಿಷಯ ಹೇಳಿಬಿಟ್ಟೆ. ಈಗೀಗ ಇಂಗ್ಲಿಷಿನಲ್ಲೇ ಉತ್ತರಿಸುವವಳು ಕನ್ನಡದಲ್ಲಿ ಮಾತಾಡಿದಳು.

“ಗೊತ್ತಿತ್ತಮ್ಮ. ಆಟ ನಿಲ್ಲಿಸಿದ ದಿನ ಟೀಚರೇ ಕ್ಲಾಸಲ್ಲಿ ಹೇಳಿದ್ರು. ಪಕ್ಕದ ಟೀಚರ್ ಹೇಳಿದ್ದು ಸರಿ, ನಮ್ಮ ಯುದ್ಧಕ್ಕೆ ಅವರ ಕ್ಲಾಸಿನ ಮಕ್ಕಳು ಯಾಕೆ ಕಷ್ಟಪಡಬೇಕು ಅಂತ.”

ಇಷ್ಟು ವರ್ಷ ಮಗಳ ಎದುರು ನನ್ನ ಮಾನ ಕಾದವರೂ ಅವರೇ. ಕ್ಷಮೆ ಕೇಳೋಣವೆಂದರೆ ಅವರಿಲ್ಲ. ಫೋನಿಟ್ಟ ಮೇಲೆ ಅಳು ಬರಬೇಕಿತ್ತು. ಮೊದಲು ಬಂದದ್ದು ಹಳೆಯ ಹೊಟ್ಟೆಕಿಚ್ಚು. ಅಂಥ ಮಾತು ನನಗೆ ಹೊಳೆಯುತ್ತಿರಲಿಲ್ಲ...

ಟೋಪಿಯನ್ನು ತಿರುವಿ, ನೀಲಿ ಮೇಲೆ ಬರುವಂತೆ, ತಂತಿಗೆ ಕ್ಲಿಪ್ ಹಾಕಿದೆ.