ಹೊರಗೆ ಬಂದ ಹೊತ್ತು

ಜಾಬಿಲೆ ಸ್ಕೊಸಾನಾಳ ಬಾಯಿ ಎಂಥದ್ದು ಅಂತ ಎಮ್ಲೊತೆನಿ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಗೇಟಿನೆದುರು ಇಪ್ಪತ್ತೆರಡು ವರ್ಷದಿಂದ ಮಗ್ವಿನ್ಯಾ ಕರಿದು ಮಾರುವವಳು ಅವಳು. ಹುದುಗು ಬಂದ ಮೈದಾ ಹಿಟ್ಟನ್ನು ಮುಷ್ಟಿಯಲ್ಲಿ ಹಿಂಡಿ ಎಣ್ಣೆಗೆ ಬಿಟ್ಟರೆ ದುಂಡಗೆ ಉಬ್ಬಿ ಬರುತ್ತದಲ್ಲ, ಅದೇ. ಬೆಳಗಿನ ಪಾಳಿಯವರಲ್ಲಿ ಅವಳ ಮಗ್ವಿನ್ಯಾ ತಿನ್ನದೆ ಒಳಗೆ ಹೋದವನಿಲ್ಲ, ಅವಳಿಂದ ಬೈಸಿಕೊಳ್ಳದೆ ಹೋದವನೂ ಇಲ್ಲ. "ಮುಖ ತೊಳೆದಿದ್ದೀಯೋ, ಇಲ್ಲ ಬೂದೀನೇ ಬಳ್ಕೊಂಡು ಬಂದಿದ್ದೀಯೋ?" ಎಂದು ಶುರುಮಾಡಿದಳೆಂದರೆ ಇಂಜಿನಿಯರನೂ ತಲೆತಗ್ಗಿಸಬೇಕು.

ಗೇಟಿನ ಕಾವಲುಮನೆಯ ಕಿಟಕಿಯಲ್ಲಿ ಒಂದು ದಪ್ಪ ರಟ್ಟಿನ ಪುಸ್ತಕವಿದೆ. ಒಳಗೆ ಹೋದ ಹೊತ್ತು ಒಂದು ಸಾಲಿನಲ್ಲಿ, ಹೊರಗೆ ಬಂದ ಹೊತ್ತು ಪಕ್ಕದ ಸಾಲಿನಲ್ಲಿ. ಕಾರ್ಡು ಮುಟ್ಟಿಸಿದರೆ ತೆರೆದುಕೊಳ್ಳುವ ಯಂತ್ರ ಬಂದರೂ ಪುಸ್ತಕ ಹೋಗಲಿಲ್ಲ. ಹನ್ನೊಂದು ವರ್ಷದ ಹಿಂದೆ, ಗಂಡ ವೆಲಾಪಿ ಸತ್ತ ವಾರ, ಜಾಬಿಲೆ ಆ ಪುಸ್ತಕ ಇಸಿದುಕೊಂಡು ನೋಡಿದ್ದಳು. ಅವನ ಹೆಸರಿನ ಮುಂದೆ ಒಳಗೆ ಹೋದದ್ದು ಬೆಳಿಗ್ಗೆ ಆರು ಗಂಟೆ. ಹೊರಗೆ ಬಂದ ಜಾಗ ಖಾಲಿ. ಆಂಬುಲೆನ್ಸಿನಲ್ಲಿ ಮಲಗಿ ಹೋದವನು ಸಹಿ ಹೇಗೆ ಹಾಕುತ್ತಾನೆ ಎಂದುಕೊಂಡು ಮುಚ್ಚಿಟ್ಟಳು.

ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು ಎಂದು ಸ್ಥಾವರದವರು ಕಾಗದ ಕೊಟ್ಟರು. ಮನೆಯ ಹೊರಗೆ ಸತ್ತವರ ಜೀವ ತಾನಾಗಿ ಮನೆಗೆ ಬರುವುದಿಲ್ಲ, ಹೋಗಿ ಕರೆತರಬೇಕು. ಬೋರೆ ಜಾತಿಯ ಮುಳ್ಳುಕೊಂಬೆ ಹಿಡಿದು, ಜೀವ ಹೋದ ಜಾಗಕ್ಕೇ ಹೋಗಿ, ಹೆಸರು ಹಿಡಿದು ಕೂಗಬೇಕು. ಆಮೇಲೆ ಕೊಂಬೆ ಹಿಡಿದವರು ದಾರಿಯುದ್ದಕ್ಕೂ ಸತ್ತವರೊಡನೆ ಮಾತ್ರ ಮಾತಾಡಬೇಕು. ಇಗೋ ಹೊಳೆ ಬಂತು, ಇಗೋ ತಿರುವು ಬಂತು ಎಂದು ಹೇಳಬೇಕು. ಬದುಕಿದ್ದವರು ಕರೆದರೆ ಓಗೊಡಬಾರದು. ವೆಲಾಪಿಯ ಅಣ್ಣ ಆಸ್ಪತ್ರೆಗೆ ಹೋಗಿ ಹಾಗೆಯೇ ಕರೆತಂದ. ಟ್ಯಾಕ್ಸಿಯಲ್ಲಿ ಎರಡು ಸೀಟು ಹಿಡಿದು, ಒಂದರಲ್ಲಿ ತಾನು ಕೂತು, ಇನ್ನೊಂದರಲ್ಲಿ ಕೊಂಬೆಯನ್ನು ಕೂರಿಸಿ ತಂದ.

ಆದರೂ ವೆಲಾಪಿ ಬರಲಿಲ್ಲ. ಜಾಬಿಲೆಯ ಕನಸಿನಲ್ಲಿ ಬುತ್ತಿ ಡಬ್ಬಿ ಹಿಡಿದು ಸ್ಥಾವರದ ಗೇಟಿನ ಒಳಮಗ್ಗುಲಲ್ಲಿ ನಿಂತಿರುತ್ತಿದ್ದ. ಒಂದು ಸಲವೂ ಮನೆಯ ಬಾಗಿಲಿಗೆ ಬಂದದ್ದಿಲ್ಲ. ಕರೆತರುವುದರಲ್ಲಿ ತನ್ನಿಂದ ಏನೋ ಲೋಪವಾಯಿತು ಎಂದು ಅಣ್ಣ ಕೊರಗಿ ಕೊರಗಿಯೇ ಸತ್ತ.

ಈ ವರ್ಷ ಸ್ಥಾವರದವರು ಕಲ್ಲಿದ್ದಲು ಸಾಗಿಸುವ ಪಟ್ಟಿಗಳಿದ್ದ ಹಳೆಯ ಬೆಲ್ಟ್ ಮನೆ ಕೆಡವಿ, ಆ ಜಾಗದಲ್ಲಿ ಹೊಸದೊಂದು ಕಲ್ಲಿದ್ದಲು ಘಟಕ ಕಟ್ಟುತ್ತೇವೆ ಎಂದು ನೋಟೀಸು ಹಚ್ಚಿದರು. ಊರು ಸೀಳಿ ಎರಡಾಯಿತು. ಜಾಬಿಲೆಯ ಮಗಳು ಬೊನಾಕೆಲೆ ಸೋಲಾರ್ ಹಲಗೆ ಕೂರಿಸುವ ಕೆಲಸ ಕಲಿತವಳು. ಅವಳ ಗುಂಪಿನವರು ಬಿಸಿಲು ಗಾಳಿಗಳಿಂದ ಕರೆಂಟು ತೆಗೆಯಿರಿ, ಇನ್ನು ಹೊಗೆ ಸಾಕು ಎಂದರು. ಪಾಳಿಯವರು ಸುಮ್ಮನಿರುತ್ತಾರೆಯೇ?

"ಅಲ್ವೇ ತಂಗಿ, ಸೂರ್ಯ ಎಷ್ಟು ಜನಾನ ಕೆಲಸಕ್ಕೆ ತಗೋತಾನೆ? ಹಲಗೆ ಮೇಲಿನ ಧೂಳು ಒರೆಸೋಕೆ ಇಬ್ರು ಸಾಕಲ್ಲ. ಮಿಕ್ಕಿದ ಎರಡು ಸಾವಿರ ಜನ ಬಿಸಿಲು ಕಾಯ್ಸೋದಾ?"

ಜಾಬಿಲೆ ಮಗಳ ಪರ ನಿಂತಾಗ, ಊರೆಲ್ಲ ಗೋಗೋ, ಅಜ್ಜಿ, ಎಂದು ಕರೆಯುವ ಅವಳಿಗೂ ಬಿತ್ತು. "ಗೋಗೋ, ಉಂಡ ಮನೆ ಜಂತೆ ಎಣಿಸ್ತೀಯಲ್ಲ! ನಿನ್ನ ಒಲೇಲಿ ಉರಿಯೋದೂ ಕಲ್ಲಿದ್ದಲೇ ತಾನೇ?"

"ಹೌದು ಕಣೋ, ಅದೇ," ಎಂದಳು ಜಾಬಿಲೆ. "ಅದ್ಕೇ ಹೇಳ್ತಿರೋದು. ಹೊಗೆ ಕುಡಿದೋಳಿಗೆ ಗೊತ್ತು ಹೊಗೆ ರುಚಿ. ಇಷ್ಟು ದೊಡ್ಡ ಚಿಮಣಿ ಪಕ್ಕದಲ್ಲಿದ್ರೂ ನನ್ನ ಮನೇಲಿ ವಾರಕ್ಕೆ ನಾಲ್ಕು ದಿನ ಕರೆಂಟಿಲ್ಲ. ದೀಪದ ಬುಡದಲ್ಲಿ ಕತ್ತಲೆ. ನಿನಗೆ ಕಾಣಲ್ವಾ?"

ಬಿಸಿಲಿನ ಕರೆಂಟಿನಲ್ಲಿ ಮೂರು ಲೀಟರು ಎಣ್ಣೆ ಕಾಯುತ್ತದೆಯೋ ಇಲ್ಲವೋ ಎಂಬ ಅನುಮಾನ ಅವಳಿಗೂ ಇತ್ತು. ಮಗಳನ್ನು ಕೇಳಿ ಬೈಸಿಕೊಂಡದ್ದೂ ಉಂಟು. ಆದರೆ ಗೇಟಿನಲ್ಲಿ ಕೂತು ಅವಳು ಕಂಡದ್ದನ್ನು ಇನ್ನಾರೂ ಕಂಡಿರಲಿಲ್ಲ. ಯಾವ ಗಂಡಸು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಷ್ಟು ತಿನ್ನುತ್ತಿದ್ದ, ಯಾವಾಗ ಎರಡಕ್ಕೆ ಇಳಿದ, ಯಾವಾಗ ಕೆಮ್ಮು ಹಿಡಿದು ಬರೀ ಟೀ ಕುಡಿದ, ಯಾವಾಗ ಬರುವುದನ್ನೇ ಬಿಟ್ಟ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಗುರುವಾರ ಸ್ಥಾವರದ ಕ್ಯಾಂಟೀನ್ ಹಾಲಿನಲ್ಲಿ ನಡೆಯುವ ಅಹವಾಲು ಸಭೆಯಲ್ಲಿ ಅವಳೇ ಮಾತಾಡಬೇಕೆಂದು ಊರಿನ ಅರ್ಧ ಜನ ಗೊತ್ತುಮಾಡಿದರು.

ಸಭೆಗೆ ಮೂರು ದಿನವಿರುವಾಗ ಜೋನಾಸ್ ಮಬೆನಾ ಅವಳ ಅಂಗಡಿಗೆ ಬಂದು, ಟೀ ಲೋಟ ಹಿಡಿದು, ಕುಡಿಯದೆ ನಿಂತ. ವೆಲಾಪಿಯ ಜೊತೆಗಾರ. ಒಂದೇ ಪಾಳಿ, ಒಂದೇ ಬೆಲ್ಟು. ಈಗ ಮೇಸ್ತ್ರಿ, ಇಬ್ಬರು ಗಂಡುಮಕ್ಕಳೂ ಅದೇ ಸ್ಥಾವರದಲ್ಲಿ. ಹೊಸ ಘಟಕ ಬರಲೇಬೇಕು ಎನ್ನುವವರಲ್ಲಿ ಮೊದಲಿಗ.

"ಮಾ, ಬರೋ ಸೋಮವಾರ ಬೆಲ್ಟ್ ಮನೆ ಒಡೀತಾರೆ."

"ಒಡೀಲಿ ಬಿಡಿ ಬಾಬಾ. ನನಗೇನು?"

"ಸ್ಕೊಸಾನಾ ಸತ್ತಿದ್ದು ಆಸ್ಪತ್ರೇಲಲ್ಲ." ಮಬೆನಾ ಲೋಟವನ್ನೇ ನೋಡುತ್ತಿದ್ದ. "ಅಲ್ಲೇ, ಮೂರನೇ ಬೆಲ್ಟಿನ ಕೆಳಗೆ. ನಾನೇ ಕಾಲು ಹಿಡಿದು ಎತ್ತಿದ್ದು. ಎತ್ತೋವಾಗ್ಲೇ ತಣ್ಣಗಿದ್ದ. ಒಳಗೆ ಸತ್ತ ಅಂದ್ರೆ ತನಿಖೆ, ಕೆಲಸ ಬಂದ್. ಅದಕ್ಕೇ ಆಸ್ಪತ್ರೆ ಅಂತ ಬರೆಸಿದ್ರು. ನಮ್ಮೆಲ್ಲರ ಬಾಯಿಗೂ ಬೀಗ ಹಾಕಿದ್ರು."

ಬಾಣಲೆಯಲ್ಲಿದ್ದ ಆರು ಮಗ್ವಿನ್ಯಾಗಳು ಕರಿಕಲಾದವು, ಜಾಬಿಲೆ ತೆಗೆಯಲಿಲ್ಲ. ಹನ್ನೊಂದು ವರ್ಷ ಮನೆಯ ಮೂಲೆಯಲ್ಲಿ ಪೂಜ್ಯವಾಗಿ ಇಟ್ಟುಕೊಂಡಿದ್ದದ್ದು ಬರೀ ಕೊಂಬೆ. ಗಂಡ ಇಲ್ಲೇ ಇದ್ದ. ಅವಳು ದಿನವೂ ಎಣ್ಣೆ ಕಾಯಿಸುತ್ತಿದ್ದ ಜಾಗದಿಂದ ಕೂಗಳತೆಯಲ್ಲಿ, ಗೇಟಿನ ಆಚೆಗೆ. ಅವಳು ಕಂಡವರನ್ನೆಲ್ಲ ಕರೆಕರೆದು ತಿನ್ನಿಸುತ್ತಿದ್ದಳು, ಅವನು ಖಾಲಿ ಡಬ್ಬಿ ಹಿಡಿದು ನೋಡುತ್ತ ನಿಂತಿದ್ದ. ಅಯ್ಯೋ ದೇವರೇ!

"ನೀವೂ ಮನುಷ್ಯರಾ?" ಎಂದಳು. "ಅವರ ಅಣ್ಣ ಕೊರಗಿ ಸತ್ತ. ನೀವು ನನ್ನ ಕೈಯಿಂದ ದಿನಾ ತಿಂದ್ರಿ."

"ಬೈಯಿರಿ ಮಾ. ಬೈಸ್ಕೊಳ್ಳೋಕೇ ಬಂದೆ." ಮಬೆನಾ ತಡೆದು ತಡೆದು ಹೇಳಿದ. "ಬೆಲ್ಟ್ ಮನೆ ಬೀಗದ ಕೈ ನನ್ನ ಹತ್ರ ಇದೆ. ಹೊರಗಿನೋರನ್ನ ಒಳಗೆ ಬಿಡೋದು ಗುರುವಾರ ಒಂದೇ ದಿನ. ಕರ್ಕೊಂಡು ಹೋಗ್ತೀನಿ. ಆದ್ರೆ ಒಂದು ಮಾತು. ಸಭೇಲಿ ನೀವು ಬಾಯಿ ತೆಗೀಬಾರ್ದು. ಒಂದು ಪದಾನೂ. ನನ್ನ ಮಕ್ಕಳ ಅನ್ನ ಆ ಘಟಕದಲ್ಲಿದೆ."

ಅವಳು ಬಾಣಲೆಯನ್ನು ಒಲೆಯಿಂದ ಇಳಿಸಿದಳು. "ಆ ಜನದ ಹತ್ರ ಒಂದು ಪದಾನೂ ಆಡಲ್ಲ," ಎಂದಳು.

ಮನೆಯಲ್ಲಿ ಬೊನಾಕೆಲೆ ಕೂಗಾಡಿದಳು. "ಸತ್ತೋರಿಗೋಸ್ಕರ ಇರೋರ ಬಾಯಿ ಮುಚ್ತೀಯಾ ಅಮ್ಮಾ? ನನ್ನ ಮಗು ರಾತ್ರಿಯೆಲ್ಲ ಕೆಮ್ಮೋದು ನಿನಗೆ ಕೇಳಿಸಲ್ವಾ? ಊರೋರು ನಿನ್ನನ್ನ ನಂಬ್ಕೊಂಡಿದ್ದಾರೆ!"

"ಕೇಳಿಸುತ್ತೆ ಮಗಳೇ. ಆದ್ರೆ ಸೋಮವಾರ ಒಡೆದ್ಮೇಲೆ ಆ ಜಾಗಕ್ಕೆ ಕಾಂಕ್ರೀಟ್ ಸುರೀತಾರೆ. ಆಮೇಲೆ ನಿಮ್ಮಪ್ಪನ್ನ ಎಲ್ಲಿಂದ ಕರೀಲಿ ಹೇಳು."

ಮಗಳು ಅತ್ತಳು, ತಾಯಿಯೂ ಅತ್ತಳು, ಯಾರೂ ಸೋಲಲಿಲ್ಲ. ಗುರುವಾರ ಬೆಳಿಗ್ಗೆ ಬೊನಾಕೆಲೆ ತಾಯಿಯನ್ನು ಬಿಟ್ಟು ತನ್ನ ಗುಂಪಿನವರ ಜೊತೆ ಹೋದಳು.

ಗೇಟಿನ ಪುಸ್ತಕದಲ್ಲಿ ಒಳಗೆ ಹೋದ ಹೊತ್ತು ಬರೆದು, ಜಾಬಿಲೆ ಕಪ್ಪು ಶಾಲಿನ ಒಳಗೆ ಹಸಿ ಮುಳ್ಳುಕೊಂಬೆ ಮುಚ್ಚಿಕೊಂಡು ಮಬೆನಾನ ಹಿಂದೆ ನಡೆದಳು. ಗಂಡನ ಕಡೆಯ ಹಿರಿಯರು ಮಾಡಬೇಕಾದ ಕೆಲಸ. ಹಿರಿಯರೆಂದು ಉಳಿದವರಾರು, ಇವಳೇ. ಬೆಲ್ಟ್ ಮನೆಯೊಳಗೆ ಕಾಲಿಟ್ಟರೆ ಮೊಣಕಾಲಿನವರೆಗೆ ಕರಿ ಪುಡಿ. ಮಬೆನಾ ಟೋಪಿ ತೆಗೆದು ಒಂದು ಜಾಗ ತೋರಿಸಿ ದೂರ ನಿಂತ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನ ಹೆಸರು ಹಿಡಿದು ಕರೆದವಳಲ್ಲ, ಮನೆತನದ ಹೆಸರಿನಿಂದ ಸ್ಕೊಸಾನಾ ಎನ್ನುತ್ತಿದ್ದಳು, ಅಷ್ಟೇ. ಈಗ ಕೊಂಬೆಯನ್ನು ನೆಲಕ್ಕೆ ಮುಟ್ಟಿಸಿ ಕೂಗಿದಳು.

"ವೆಲಾಪಿ ಸ್ಕೊಸಾನಾ! ನಾನು ಜಾಬಿಲೆ. ತಪ್ಪು ಜಾಗದಲ್ಲಿ ಹುಡುಕಿದ್ವಿ, ಕೋಪ ಮಾಡ್ಕೋಬೇಡಿ. ಎದ್ದು ಬನ್ನಿ, ಮನೆಗೆ ಹೋಗೋಣ."

ತುಂಬ ಹೊತ್ತು ಹಾಗೇ ಕೂತಳು. ಮಬೆನಾ ಎರಡು ಸಲ ಕೆಮ್ಮಿ ಎಚ್ಚರಿಸಿದರೂ ಏಳಲಿಲ್ಲ. ಕೊನೆಗೆ ಕೊಂಬೆ ಭಾರವಾದಂತೆನಿಸಿ ಎದ್ದಳು. ಅಷ್ಟರಲ್ಲಿ ಸಭೆ ಶುರುವಾಗಿತ್ತು. ಬೆಲ್ಟ್ ಮನೆಯಿಂದ ಗೇಟಿಗೆ ಅವತ್ತು ಬಿಟ್ಟಿದ್ದ ದಾರಿ ಒಂದೇ, ಕ್ಯಾಂಟೀನ್ ಹಾಲಿನ ಹಿಂಬಾಗಿಲಲ್ಲಿ ಹೊಕ್ಕು ಮುಂಬಾಗಿಲಲ್ಲಿ ಹೊರಡಬೇಕು. ಒಳಗೆ ಎರಡು ಪಕ್ಷದವರೂ ಒಬ್ಬರ ಮೇಲೊಬ್ಬರು ಬಿದ್ದು ಕಿರುಚುತ್ತಿದ್ದರು. ಸಭೆ ನಡೆಸಲು ಬಂದಿದ್ದ ಅಧಿಕಾರಿಣಿ ಮೇಜು ಕುಟ್ಟಿ ಸುಸ್ತಾಗಿದ್ದರು.

ಹೊಸಿಲ ಬಳಿ ಜಾಬಿಲೆ ನಿಂತುಬಿಟ್ಟಳು. ಸುಮ್ಮನೆ ದಾಟಿಬಿಡಿ ಎಂದು ಮಬೆನಾ ಕಣ್ಣಿನಲ್ಲೇ ಬೇಡಿದ. ಆದರೆ ದಾರಿ ಹೇಳದೆ ನಡೆದರೆ ಹೇಗೆ? ಹನ್ನೊಂದು ವರ್ಷ ಒಂಟಿಯಾಗಿ ನಿಂತವನು ಈ ಗದ್ದಲದಲ್ಲಿ ದಿಕ್ಕು ತಪ್ಪಿದರೆ ಮತ್ತೆ ಮನೆಗೆ ಹೋಗುವುದು ಬರೀ ಕೊಂಬೆಯೇ. ಆ ಜನರ ಜೊತೆ ಮಾತಾಡುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಗಂಡನ ಜೊತೆ ಮಾತಾಡುವುದಿಲ್ಲ ಎಂದು ಯಾರಿಗೂ ಕೊಟ್ಟಿರಲಿಲ್ಲ.

ಶಾಲು ಸರಿಸಿ ಕೊಂಬೆ ಎತ್ತಿ ಹಿಡಿದಳು. "ಸ್ಕೊಸಾನಾ, ಇದು ಊಟದ ಹಾಲು. ನೀವು ಉಣ್ತಿದ್ರಲ್ಲ, ಅದೇ."

ಕೊಂಬೆ ಕಂಡದ್ದೇ ತಡ, ಹತ್ತಿರದ ಸಾಲಿನವರ ಬಾಯಿ ನಿಂತಿತು, ಆಮೇಲೆ ಹಿಂದಿನವರದು. ಕಲ್ಲಿದ್ದಲು ಬೇಕೆನ್ನುವವರ ಮನೆಯಲ್ಲೂ ಸತ್ತವರಿದ್ದಾರೆ. ಪಾಳಿಯವರು ಒಬ್ಬೊಬ್ಬರಾಗಿ ಟೋಪಿ ತೆಗೆದು ಎದ್ದು ನಿಂತರು.

"ಅಮ್ಮಾ, ನಿಮ್ಮ ಹೆಸರು? ಮೈಕ್ ಹತ್ರ ಬನ್ನಿ," ಎಂದರು ಅಧಿಕಾರಿಣಿ.

"ಅವರು ಮಾತಾಡೋ ಹಾಗಿಲ್ಲ ಮೇಡಂ," ಎಂದ ಮುಂದಿನ ಸಾಲಿನ ಒಬ್ಬ ಮುದುಕ. "ಸತ್ತೋರನ್ನ ಕರ್ಕೊಂಡು ಹೋಗ್ತಿದ್ದಾರೆ. ತಡೀಬೇಡಿ."

ಜಾಬಿಲೆ ಯಾರನ್ನೂ ನೋಡಲಿಲ್ಲ. ನಿಧಾನ ನಡೆಯುತ್ತ ಹೇಳುತ್ತ ಹೋದಳು. "ಜನ ತುಂಬಿದ್ದಾರೆ, ಹೆದರಬೇಡಿ. ನೀವು ಬಿದ್ದ ಜಾಗದ ಮೇಲೆ ಹೊಸ ಘಟಕ ಕಟ್ತಾರಂತೆ, ಅದರ ಮಾತು ನಡೀತಿದೆ. ಎಡಗಡೆ ಕುರ್ಚಿ ನಿಮ್ಮ ಗೆಳೆಯ ಎನೋಕನದು. ಅವನಿಲ್ಲ. ನಾಲ್ಕು ಮಗ್ವಿನ್ಯಾ ತಿಂತಿದ್ದ, ಎರಡಕ್ಕಿಳಿದ, ಬರೀ ಟೀಗಿಳಿದ, ಆಮೇಲೆ ಬರಲಿಲ್ಲ. ಮೋಸೆಸ್ಸೂ ಹಾಗೇ. ನೀವಿದ್ದಾಗ ಶಾಲೆಗೆ ಹೋಗ್ತಿದ್ದ ಅವನ ತಮ್ಮ ಈಗ ಬೆಲ್ಟಿನ ಕೆಲಸದಲ್ಲಿದ್ದಾನೆ, ಮೊನ್ನೆಯಿಂದ ಅವನೂ ಟೀ ಮಾತ್ರ. ನಿಮ್ಮ ಮೊಮ್ಮಗಳನ್ನ ನೀವು ನೋಡಿಲ್ಲ. ಮನೇಲಿ ಒಂದು ಕೆಮ್ಮು ಕೇಳಿಸುತ್ತೆ, ಅವಳದ್ದೇ, ಗಾಬರಿಯಾಗಬೇಡಿ. ನಿಮ್ಮ ಮಗಳು ಇಲ್ಲೇ ಇದ್ದಾಳೆ. ಬಿಸಿಲಿನಿಂದ ದೀಪ ಹಚ್ಚೋದು ಕಲಿತಿದ್ದಾಳೆ. ನನ್ನ ಎಣ್ಣೆ ಕಾಯುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಆ ದೀಪಕ್ಕೆ ಯಾರನ್ನೂ ಕಾಲು ಹಿಡಿದು ಎತ್ತಬೇಕಾಗಿಲ್ಲ. ಇಗೋ, ಬಾಗಿಲು ಬಂತು. ಮೂರು ಮೆಟ್ಟಿಲಿವೆ, ನೋಡ್ಕೊಂಡು."

ಬೊನಾಕೆಲೆ ಬಾಯಿಗೆ ಕೈ ಒತ್ತಿಕೊಂಡು ತಾಯಿಯ ಹಿಂದೆ ನಡೆದು ಬಂದಳು. ಅಧಿಕಾರಿಣಿ ಜಾಬಿಲೆ ಆಡಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು, ಇನ್ನೂ ನಿಲ್ಲಿಸಿರಲಿಲ್ಲ.

ಗೇಟಿನಲ್ಲಿ ಕಾವಲಿನವನು ಪುಸ್ತಕ ತಿರುಗಿಸಿ ಮುಂದೆ ತಳ್ಳಿದ. "ಗೋಗೋ, ಸಹಿ." ಅವಳು ಓಗೊಡಲಿಲ್ಲ. ಹಿಂದಿನಿಂದ ಮಬೆನಾ ಬಂದು ಪೆನ್ನು ತೆಗೆದುಕೊಂಡ. ತಾಯಿ ಮಾತು ಮುರಿದಳೆಂದು ಕೂಗಾಡುತ್ತಾನೆ ಎಂದು ಬೊನಾಕೆಲೆ ಅಡ್ಡ ಬಂದಳು. ಅವನು ಅವಳ ಕಡೆ ನೋಡಲೂ ಇಲ್ಲ. ಜಾಬಿಲೆಯ ಸಾಲು ತುಂಬಿಸಿ, ಅದರ ಕೆಳಗೆ ಮೇಸ್ತ್ರಿಯ ದೊಡ್ಡ ಅಕ್ಷರಗಳಲ್ಲಿ ಬರೆಯತೊಡಗಿದ. ವೆಲಾಪಿ ಸ್ಕೊಸಾನಾ. ಒಳಗೆ ಹೋದದ್ದಕ್ಕೆ ಹನ್ನೊಂದು ವರ್ಷದ ಹಿಂದಿನ ಆ ತಾರೀಖು, ಬೆಳಿಗ್ಗೆ ಆರು. ಸತ್ತ ಜಾಗ, ಮೂರನೇ ಬೆಲ್ಟಿನ ಕೆಳಗೆ. ಕಂಡವನು, ಜೋನಾಸ್ ಮಬೆನಾ. ಕೆಳಗೆ ಸಹಿ ಹಾಕಿದ.

"ಬಾಬಾ, ಏನಿದು?" ಕಾವಲಿನವನ ದನಿ ಇಳಿದಿತ್ತು. "ಇದನ್ನ ನೋಡಿದ್ರೆ ನಿಮ್ಮನ್ನ ಬಿಡ್ತಾರಾ? ನಿಮ್ಮ ಮಕ್ಕಳು..."

"ಗೊತ್ತು," ಎಂದ ಮಬೆನಾ. "ಗಂಟೆ ಎಷ್ಟಾಯ್ತು, ಅದು ಹೇಳು."

"ಹನ್ನೊಂದೂ ಇಪ್ಪತ್ತು."

ಮಬೆನಾ ಅದನ್ನು ವೆಲಾಪಿಯ ಹೆಸರಿನ ಮುಂದೆ, ಹೊರಗೆ ಬಂದ ಹೊತ್ತಿನ ಖಾಲಿ ಜಾಗದಲ್ಲಿ ಬರೆದ. ಜಾಬಿಲೆ ನೋಡಿದಳು. ಅವನಿಗೆ ಏನೂ ಹೇಳುವಂತಿರಲಿಲ್ಲ. ಕಣ್ಣೊರೆಸಿಕೊಂಡು ಕೊಂಬೆಯನ್ನು ಎದೆಗೆ ಒತ್ತಿ ಹಿಡಿದಳು.

"ಗೇಟು ಬಂತು, ಸ್ಕೊಸಾನಾ," ಎಂದಳು. "ತೆಗೆದಿದ್ದಾರೆ. ದಾಟಿ."